ಕಿಂಗ್ ಪಿನ್ ಹೊಸದು, ಬುಶ್ ಹೊಸದು, ಪ್ಲೇಟ್ ಬಡಿಸಿದ್ದು. ಆದ್ರೂ ಸ್ಟೇರಿಂಗ್ ವಾಪಸ್ ಬರ್ತಿಲ್ಲ – 1967ರ ಟಾಟಾ ಬೆಂಜ್ ಬಸ್

ಘಾಟಿ_ಗಾಡಿ · ಶನಿವಾರ, ರಾತ್ರಿ 9.40

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ ಮಾರಾಯ್ರೇ.

ಗಾಡಿ 1967ರದ್ದು, ಮೂತಿ ಇರೋ ಟಾಟಾ ಬೆಂಜ್ ಬಸ್ಸು. ಅಪ್ಪ ಇದನ್ನ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಓಡಿಸ್ತಿದ್ರು. ರೂಟ್ ನಿಂತ ಮೇಲೆ ಮನೆ ಹಿಂದಿನ ಶೆಡ್ಡಲ್ಲಿ ಅಡಿಕೆ ಚೀಲಗಳ ಜೊತೆ ಮಲಗಿತ್ತು. ಎರಡು ವರ್ಷದಿಂದ ನಾನು, ನನ್ನ ಚಿಕ್ಕಪ್ಪನ ಮಗ ಸೇರಿ ಎಬ್ಬಿಸ್ತಾ ಇದೀವಿ. ಇಂಜಿನ್, ಗೇರ್ ಬಾಕ್ಸ್ ಮುಗಿದಿದೆ. ಮಳೆಗಾಲದಲ್ಲಿ ಕೈ ಹಾಕಿದ್ದು ಮುಂದಿನ ಆಕ್ಸಲ್‌ಗೆ.

ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋಕೆ ಆಧಾರದ ಗೂಟ) ಎರಡೂ, ಅದರ ಸುತ್ತ ಕೂರೋ ಬುಶ್ ನಾಲ್ಕೂ, ಭಾರ ಹೊರೋ ತ್ರಸ್ಟ್ ಬೇರಿಂಗ್ ಎರಡೂ ಹೊಸದು. ಸಾಮಾನು ಅರ್ಧ ಶಿವಮೊಗ್ಗದಲ್ಲಿ ಸಿಕ್ತು, ಇನ್ನರ್ಧಕ್ಕೆ ಬೆಂಗಳೂರು ಜೆ.ಸಿ. ರೋಡ್ ಅಲೆದೆ. ಪ್ಲೇಟ್ ಸೆಟ್ (ಆಕ್ಸಲ್ ಮೇಲೆ ಕೂರೋ ಪಟ್ಟಿ ಸ್ಪ್ರಿಂಗ್) ಎರಡೂ ಇಳಿಸಿ ಮೇನ್ ಪ್ಲೇಟು, ಅದರ ಕೆಳಗಿಂದು ಹೊಸದು ಹಾಕಿ, ಉಳಿದವನ್ನ ಬಡಿಸಿ ಬೆಂಡ್ ಕೊಡ್ಸಿದೀವಿ. ಪ್ಲೇಟ್ ತುದಿಯ ಶ್ಯಾಕಲ್ ಪಿನ್, ಅದರ ಬುಶ್, ಪ್ಲೇಟನ್ನ ಆಕ್ಸಲ್‌ಗೆ ಕಟ್ಟೋ ಯು ಬೋಲ್ಟ್ ನಾಲ್ಕು, ಪ್ಲೇಟ್ ಮಧ್ಯದ ಸೆಂಟರ್ ಬೋಲ್ಟ್ ಎರಡು, ಎರಡು ಚಕ್ರ ಜೋಡಿಸೋ ಟೈ ರಾಡಿನ ಎಂಡ್ ಎರಡು, ಎಲ್ಲಾ ಹೊಸದೇ. ವೀಲ್ ಬೇರಿಂಗ್ ಮಾತ್ರ ಹಳೇದು, ಚೆನ್ನಾಗೇ ಇತ್ತು. ತೊಳೆದು ಗ್ರೀಸ್ ತುಂಬಿದೆ.

ಮೊನ್ನೆ ಎಲ್ಲಾ ಕಟ್ಟಿ ಕೆಳಗಿಳಿಸಿ ಊರ ಮೈದಾನದ ರಸ್ತೆಲಿ 3 ಕಿ.ಮೀ. ಓಡಿಸಿದೆ. ತಿರುವಲ್ಲಿ ಸ್ಟೇರಿಂಗ್ ಎಳೆದ್ರೆ ಎಳೆದಲ್ಲೇ ನಿಂತ್ಕೊಳ್ಳುತ್ತೆ. ಕೈಯಿಂದ ವಾಪಸ್ ತರಬೇಕು. ನೇರ ರಸ್ತೆಲಿ ಹಾವಿನ ಥರ ಆ ಕಡೆ ಈ ಕಡೆ. ಬಿಚ್ಚೋಕೆ ಮುಂಚೆ ಕಿಂಗ್ ಪಿನ್ ಲಟಲಟ ಅಂತಿತ್ತು ನಿಜ, ಆದ್ರೆ ಕೈ ಬಿಟ್ರೆ ಸ್ಟೇರಿಂಗ್ ತಾನೇ ನೇರಕ್ಕೆ ಬರ್ತಿತ್ತು. ಅಪ್ಪ ಪಕ್ಕದ ಸೀಟಲ್ಲಿ ಕೂತಿದ್ರು, ಏನೂ ಹೇಳ್ಲಿಲ್ಲ. ಇಳಿಯೋವಾಗ "ಹಳೇದೇ ಪರವಾಗಿರ್ಲಿಲ್ವನೋ" ಅಂದ್ರು. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ತು.

ಎಲ್ಲಿಂದ ನೋಡ್ಲಿ?

ಟೋಲ್_ಗೇಟ್ · ಶನಿವಾರ, ರಾತ್ರಿ 10.05

ಗುರು, ಒಂದು ಸ್ಕ್ರ್ಯಾಪ್ ಗಾಡಿಯಿಂದ ಪವರ್ ಸ್ಟೇರಿಂಗ್ ಎತ್ತಿ ಹಾಕ್ಸಿಬಿಡು. ಕತೆ ಮುಗೀತು.

ಘಾಟಿ_ಗಾಡಿ · ಶನಿವಾರ, ರಾತ್ರಿ 10.11

ಅದನ್ನ ಹಾಕಿದ ದಿನ ಅಪ್ಪ ನನ್ನನ್ನೂ ಶೆಡ್ಡಿಗೆ ಹಾಕ್ತಾರೆ. ಒಂದು ಹೇಳೋದು ಮರೆತಿದ್ದೆ: ಸ್ಟೇರಿಂಗ್ ಬಿಗಿ ಅಂತೇನೂ ಅನ್ಸಲ್ಲ. ಮುಂಚೆಗಿಂತ ಹಗುರಾನೇ ಇದೆ.

ಫಿಯಟ್_ಹುಚ್ಚ · ಭಾನುವಾರ, ಬೆಳಗ್ಗೆ 7.20

ನಾನು ಕಾರಿನವನು, ಬಸ್ ಅನುಭವ ಇಲ್ಲ. ಆದ್ರೂ ಎರಡು ಪ್ರಶ್ನೆ. ಟೋ (ಮುಂದಿನ ಚಕ್ರಗಳು ಒಳಕ್ಕೆ ಎಷ್ಟು ತಿರುಗಿವೆ ಅನ್ನೋ ಅಳತೆ) ಎಷ್ಟಿಟ್ಟಿದೀರಿ? ಆಮೇಲೆ ಶ್ಯಾಕಲ್ ಪಿನ್ ಟೈಟ್ ಮಾಡಿದ್ದು ಗಾಡಿ ಎತ್ತಿದ್ದಾಗಲೋ, ಇಳಿಸಿದ ಮೇಲೋ? ಭಾರ ಕೂತ ಮೇಲೆ ಟೈಟ್ ಮಾಡ್ಲಿಲ್ಲ ಅಂದ್ರೆ ಬುಶ್ ತಿರುಚಿಕೊಂಡು ಗಾಡಿ ಎತ್ತರಾನೇ ಬದಲಾಗುತ್ತೆ. ನನ್ನ ಪದ್ಮಿನೀಲಿ ಹಿಂದಿನ ಪ್ಲೇಟ್ ಹಾಕೋವಾಗ ಇದೇ ತಪ್ಪು ಮಾಡಿ ಎರಡು ಸಲ ಬಿಚ್ಚಿದೀನಿ.

ಹಳೇ_ಮೇಸ್ತ್ರಿ · ಭಾನುವಾರ, ಬೆಳಗ್ಗೆ 8.02

ಅದು ರಬ್ಬರ್ ಬುಶ್ಶಿನ ಮಾತು ಮಾರಾಯ್ರೇ. ರಬ್ಬರ್ ಆದ್ರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಇವರದ್ದು ಹಳೇ ಕಾಲದ ಲೋಹದ ಬುಶ್ಶು, ಒಳಗೆ ಗ್ರೀಸ್ ಹೋಗುವಂಥದ್ದು. ಪಿನ್ ಒಳಗೆ ಸಲೀಸಾಗಿ ತಿರುಗಬೇಕು, ಅಷ್ಟೇ. ಭಾರ ಕೂತ ಮೇಲೆ ಟೈಟ್ ಮಾಡಬೇಕಾದ್ದು ಯು ಬೋಲ್ಟ್. ಅದಕ್ಕೆ ಆಮೇಲೆ ಬರುವ.

ಘಾಟಿಯವರೇ, ನಾನು ಮಂಗಳೂರಿನಲ್ಲಿ ಮೂವತ್ತೊಂದು ವರ್ಷ ಬಸ್ಸಿನ ಗ್ಯಾರೇಜಲ್ಲಿ ಇದ್ದವ. ಈಗ ಕಣ್ಣು ಸರಿ ಇಲ್ಲ, ಮಗಳು ಟೈಪ್ ಮಾಡುವುದು. ಊಹೆ ಮಾಡಿ ಮಾಡಿ ಬಿಚ್ಚಬೇಡಿ. ಮುಂದಿನ ಎರಡು ಚಕ್ರ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಬರುವ ಡ್ರ್ಯಾಗ್ ಲಿಂಕ್ ಬಿಚ್ಚಿ, ಟೈ ರಾಡ್ ಬಿಚ್ಚಿ. ಈಗ ಎಡ ಚಕ್ರ, ಬಲ ಚಕ್ರ ಒಂದಕ್ಕೊಂದು ಸಂಬಂಧ ಇಲ್ಲದೆ ತಿರುಗುತ್ತವೆ ಅಲ್ವಾ? ಟೈ ರಾಡ್ ಕೂರುವ ತೋಳಿನ ತುದಿಗೆ ಒಂದು ತೂಕದ ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸಿ ಎಳೆಯಿರಿ. ಅಡಿಕೆ ತೂಗುವ ಕೊಕ್ಕೆ ತಕ್ಕಡಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಚಕ್ರ ತಿರುಗಲು ಎಷ್ಟು ಕೆ.ಜಿ. ಬೇಕಾಗುತ್ತದೆ ಬರೆದುಕೊಳ್ಳಿ. ಎರಡೂ ಕಡೆ ಹೆಚ್ಚು ಕಡಿಮೆ ಸಮ ಇರಬೇಕು.

ಸ್ಟೇರಿಂಗ್ ಬಾಕ್ಸ್ ಬಿಗಿಯೋ, ಕಿಂಗ್ ಪಿನ್ ಬಿಗಿಯೋ ಅನ್ನುವ ವಾದ ಅಲ್ಲಿಗೇ ಮುಗಿಯುತ್ತದೆ.

ಪಾನಾ_ಪಕ್ಕಡ್ · ಭಾನುವಾರ, ಬೆಳಗ್ಗೆ 9.30

ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಮೇಸ್ತ್ರಿಯವ್ರು ಹೇಳಿದ್ದು ಖರೇ ಐತಿ. ಗಾಡಿ ಎತ್ತಿ ಇಟ್ಟಾಗ ಇನ್ನೊಂದು ನೋಡ್ಕೋರಿ. ಚಕ್ರಾ ಮ್ಯಾಲ ಕೆಳಗ ಹಿಡದು ಅಳ್ಳಾಡ್ಸ್ರಿ. ಆಟಾ ಇದ್ರ ಒಳಗ ಒಬ್ಬಂವನ್ನ ಕುಂದ್ರಿಸಿ ಬ್ರೇಕ್ ತುಳಿಸ್ರಿ, ಮತ್ತ ಅಳ್ಳಾಡ್ಸ್ರಿ. ಬ್ರೇಕ್ ತುಳದಾಗ ಆಟಾ ಹೋದ್ರ ವೀಲ್ ಬೇರಿಂಗ್ ಲೂಸ್. ಹಂಗ ಉಳದ್ರ ಕಿಂಗ್ ಪಿನ್. ಬ್ರೇಕ್ ಹಿಡದಾಗ ಡ್ರಮ್ಮು, ಹಬ್ಬು, ಸ್ಟಬ್ಬು ಎಲ್ಲಾ ಒಂದ ಆಗ್ತಾವ ನೋಡ್ರಿ, ಉಳಿಯೂದು ಪಿನ್ನಿನ ಆಟಾ ಅಷ್ಟ.

ಮತ್ತ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಬರೇ ಜಾಕಿ ಮ್ಯಾಲ ನಂಬಿಕಿ ಇಟ್ಟು ಕೆಳಗ ಹೋಗಬ್ಯಾಡ್ರಿ. ಒಮ್ಮೆ ನಾ ಸೆಂಟರ್ ಬೋಲ್ಟ್ ತೂತಿಗೆ ಕೂತದೋ ಇಲ್ಲೋ ಅಂತ ಬಟ್ಟು ಹಾಕಿ ನೋಡ್ಲಿಕ್ಕತ್ತಿದ್ದೆ. ಜಾಕಿ ಎಣ್ಣಿ ಬಿಟ್ಟು ಚಾಸಿ ಎರಡ ಇಂಚ್ ಇಳೀತು. ಬಟ್ಟು ತಗದು ಅರ್ಧಾ ಸೆಕೆಂಡ್ ಆಗಿತ್ತ್ರಿ. ಆವತ್ತಿಂದ ರೈಲ್ವೆ ಸ್ಲೀಪರ್ ಕಟಗಿ ಇಲ್ದ ನಾ ಗಾಡಿ ಬುಡಕ ಹೋಗೂದಿಲ್ಲ.

ಘಾಟಿ_ಗಾಡಿ · ಭಾನುವಾರ, ಸಂಜೆ 6.15

ಹಲಸಿನ ದಿಮ್ಮಿ ಕೊಟ್ಟೇ ಕೆಳಗೆ ಹೋಗಿದ್ದು, ಚಿಂತೆ ಬೇಡ.

ಅಳತೆ ತಗೊಂಡೆ. ಅಡಿಕೆ ಕೊಕ್ಕೆ ತಕ್ಕಡಿನೇ. ಎಡಗಡೆ 3 ಕೆ.ಜಿ. ಹತ್ರ ತಿರುಗುತ್ತೆ. ಬಲಗಡೆ 8 ಕೆ.ಜಿ.ಗೂ ಮುಲುಕಾಡುತ್ತೆ, ಆಮೇಲೆ ಒಂದೇ ಸಲ ಜರ್ ಅಂತ ಹೋಗುತ್ತೆ. ಬೇರಿಂಗ್ ಆಟ ಇಲ್ಲ, ಪಿನ್ ಆಟಾನೂ ಇಲ್ಲ.

ಟೋ: ಟೈರಿನ ಮಧ್ಯದ ಗೆರೆಯಿಂದ ಗೆರೆಗೆ ಮುಂದೆ 1842 ಮಿ.ಮೀ., ಹಿಂದೆ 1851. ಅಂದ್ರೆ 9 ಮಿ.ಮೀ. ಒಳಕ್ಕೆ. ಜಾಸ್ತಿ ಅಂತ ನನಗೂ ಗೊತ್ತು. ಟೈ ರಾಡ್ ಎಂಡ್ ಹಾಕೋವಾಗ ಹಳೇದರಲ್ಲಿ ಎಷ್ಟು ಸುತ್ತು ಇತ್ತೋ ಅಷ್ಟೇ ಹಾಕಿದ್ದೆ, ಹೊಸ ಎಂಡಿನ ಉದ್ದಾನೇ ಬೇರೆ ಇದ್ದಿರಬೇಕು.

ಅರಸೀಕೆರೆ_ಲೇತ್ · ಭಾನುವಾರ, ರಾತ್ರಿ 8.50

ಬಲಗಡೆ ಬುಶ್ಶಿಗೆ ರೀಮರ್ (ತೂತನ್ನ ಅಳತೆಗೆ ಕೆರೆಯೋ ಉಪಕರಣ) ಹೊಡೆದಿದ್ದು ಹೇಗೆ ಅಂತ ಲೇತ್‌ನವರನ್ನ ಕೇಳಿದ್ರಾ? ಎಲ್ಲಾ ಲೇತ್‌ನವರ ಮೇಲೆ ಹಾಕ್ತಾರೆ ಅಂತ ಮೊದಲೇ ಹೇಳ್ಬಿಡ್ತೀನಿ, ನಾನೂ ಲೇತ್‌ನವನೇ. ಆದ್ರೆ ಈ ಕೆಲಸದಲ್ಲಿ ನಮ್ಮವರದ್ದು ಒಂದು ಮಾಮೂಲಿ ತಪ್ಪಿದೆ.

ಸ್ಟಬ್ ಆಕ್ಸಲ್ಲಿಗೆ (ಪಿನ್ ಸುತ್ತ ತಿರುಗೋ, ಚಕ್ರ ಕೂರೋ ತುಂಡು) ಮೇಲೊಂದು ಬುಶ್, ಕೆಳಗೊಂದು ಬುಶ್. ಪ್ರೆಸ್ ಮಾಡಿದ ಮೇಲೆ ಎರಡಕ್ಕೂ ಒಂದೇ ಉದ್ದನೆ ರೀಮರ್ ಒಂದೇ ಸಲಕ್ಕೆ ಹೋಗಬೇಕು. ಆ ರೀಮರಿಗೆ ಪೈಲಟ್ ಇರುತ್ತೆ, ಕೆಳಗಿನ ಬುಶ್ಶಲ್ಲಿ ಪೈಲಟ್ ಕೂತು ಮೇಲಿನ ಬುಶ್ ಕತ್ತರಿಸುತ್ತೆ. ಅದಿಲ್ಲದವರು ಸಣ್ಣ ಅಡ್ಜಸ್ಟಬಲ್ ರೀಮರ್ ಹಾಕಿ ಮೇಲಿಂದ ಒಂದು, ಕೆಳಗಿಂದ ಒಂದು ಬೇರೆ ಬೇರೆ ಹೊಡೀತಾರೆ. ಒಂದೊಂದೇ ನೋಡಿದ್ರೆ ಪಿನ್ ಬೆಣ್ಣೆ ಥರ ಹೋಗುತ್ತೆ. ಎರಡನ್ನೂ ದಾಟಿಸೋವಾಗ ಹಿಡಿಯುತ್ತೆ, ಯಾಕಂದ್ರೆ ಎರಡು ತೂತು ಒಂದೇ ನೇರದಲ್ಲಿಲ್ಲ. ಸುತ್ತಿಗೆ ಕೊಟ್ಟು ಇಳಿಸಿದ್ರೆ ಇಳಿಯುತ್ತೆ. ಆಮೇಲೆ ನೀವು ಹೇಳಿದ ಜರ್.

ಪಿನ್ನಿಗೆ ತೆಳ್ಳಗೆ ಎಣ್ಣೆ ಸವರಿ ಬರೀ ಸ್ಟಬ್ಬಿಗೆ ಹಾಕಿ ನೋಡಿ, ಆಕ್ಸಲ್ ಇಲ್ಲದೆ. ಹೆಬ್ಬೆರಳಲ್ಲಿ ಒತ್ತಿದ್ರೆ ಎರಡೂ ಬುಶ್ ದಾಟಿ ಇಳೀಬೇಕು. ಇಳೀಲಿಲ್ಲ ಅಂದ್ರೆ ಪಿನ್ನಿಗೆ ಗುರುತು ನೋಡೋ ನೀಲಿ ಬಣ್ಣ ಹಚ್ಚಿ ತಿರುಗಿಸಿ ತೆಗೀರಿ. ಬುಶ್ಶಿನ ಒಂದು ಅಂಚಲ್ಲಿ ಮಾತ್ರ ನೀಲಿ ಅಂಟಿದ್ರೆ ನಾನು ಹೇಳಿದ್ದೇ ರೋಗ.

ಬುಶ್ಶಿನ ಗ್ರೀಸ್ ತೂತು ನಿಪ್ಪಲ್ ತೂತಿಗೆ ಸರಿಯಾಗಿ ಬಂದಿದೆಯಾ ಅಂತಾನೂ ಒಂದು ತಂತಿ ಹಾಕಿ ನೋಡ್ಕೊಳ್ಳಿ. ಅದು ತಪ್ಪಿದ್ರೆ ಗ್ರೀಸ್ ಗನ್ ಎಷ್ಟು ಒತ್ತಿದ್ರೂ ನಿಪ್ಪಲ್ ಪಕ್ಕದಿಂದ ಆಚೆ ಬರುತ್ತೆ ಅಷ್ಟೇ.

ಡಬ್ಬಿ_ಬಸ್ · ಸೋಮವಾರ, ಮಧ್ಯಾಹ್ನ 1.10

ಜರ್ಮನಿಯಿಂದ ಬರೆಯುತ್ತಿದ್ದೇನೆ, ಮೂಲ ಧಾರವಾಡ. ನನ್ನ ಹತ್ತಿರ 1972ರ ಫೋಕ್ಸ್‌ವ್ಯಾಗನ್ ಬಸ್ಸಿದೆ. ನಿಮ್ಮ ಗಾಡಿಯ ಎದುರು ಅದು ತಿಂಡಿ ಡಬ್ಬಿಯಷ್ಟು. ನನ್ನದರಲ್ಲಿ ಪ್ಲೇಟು, ಯು ಬೋಲ್ಟು ಇಲ್ಲ. ಮುಂದೆ ಅಡ್ಡಕ್ಕೆ ಒಂದರ ಮೇಲೊಂದು ಎರಡು ಕೊಳವೆ, ಅವುಗಳೊಳಗೆ ಉಕ್ಕಿನ ಪಟ್ಟಿಗಳ ಕಟ್ಟು. ಆ ಕಟ್ಟೇ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. 1967ರ ಬೇಸಿಗೆಯವರೆಗಿನ ಹಳೆಯ ಮಾದರಿಗೆ ಕಿಂಗ್ ಪಿನ್ ಇತ್ತು, ಆಮೇಲಿನದಕ್ಕೆ ಬಾಲ್ ಜಾಯಿಂಟ್.

ಆದರೆ ಕಷ್ಟ ಒಂದೇ. ಇಲ್ಲಿ ಮೂವತ್ತು ವರ್ಷ ದಾಟಿದ ಗಾಡಿಗೆ ಹೆಚ್ ಅಕ್ಷರದ ನಂಬರ್ ಪ್ಲೇಟ್ ಕೊಡುತ್ತಾರೆ, ಆದರೂ ತಪಾಸಣೆಯವರು ಬಂದು ಗಾಡಿ ಎತ್ತಿ ಕಬ್ಬಿಣದ ಸಲಾಕೆ ಹಾಕಿ ಒಂದೊಂದು ಜಾಯಿಂಟನ್ನೂ ಮೀಟಿ ನೋಡುತ್ತಾರೆ. ನಾನು ಎಲ್ಲಾ ಹೊಸದು ಹಾಕಿಸಿ ಹೆಮ್ಮೆಯಿಂದ ಹೋದ ವರ್ಷವೇ ಫೇಲ್ ಆಗಿದ್ದು. ಡ್ರ್ಯಾಗ್ ಲಿಂಕಿನ ನಟ್ಟಿಗೆ, ಅದು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಿರಲಿಲ್ಲ. ತೂತು ಸರಿ ಬರಲಿಲ್ಲ ಅಂತ ನಾಳೆಗೆ ಬಿಟ್ಟಿದ್ದೆ, ಮರೆತೆ.

ಹಳೇ_ಮೇಸ್ತ್ರಿ · ಸೋಮವಾರ, ಸಂಜೆ 5.45

ತೂತು ಸರಿ ಬರದಿದ್ರೆ ನಟ್ ಮುಂದಕ್ಕೇ ಟೈಟ್ ಮಾಡಬೇಕು. ಹಿಂದಕ್ಕೆ ತಿರುಗಿಸಿ ಪಿನ್ ಹಾಕುವವನನ್ನು ನಾನು ಗ್ಯಾರೇಜಿನಿಂದ ಓಡಿಸ್ತಿದ್ದೆ. ವೀಲ್ ಬೇರಿಂಗಿನ ನಟ್ಟಿಗೆ ಮಾತ್ರ ಇದು ಉಲ್ಟಾ. ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಆಮೇಲೆ ಸ್ವಲ್ಪ ಸಡಿಲ ಬಿಟ್ಟು ಪಿನ್ ಹಾಕುವುದು.

ಘಾಟಿ_ಗಾಡಿ · ಬುಧವಾರ, ರಾತ್ರಿ 10.30

ಬಲಗಡೆ ಪೂರ್ತಿ ಬಿಚ್ಚಿದೆ. ಲೇತ್ ಅಣ್ಣ ಹೇಳಿದ್ದೇ ನಿಜ. ನೀಲಿ ಕೆಳಗಿನ ಬುಶ್ಶಿನ ಹಿಂಭಾಗದ ಅಂಚಲ್ಲಿ ಬೆರಳಗಲ ಅಂಟಿದೆ, ಉಳಿದಿದ್ದೆಲ್ಲಾ ಹೊಳೀತಾ ಇದೆ. ಭದ್ರಾವತೀಲಿ ಪೈಲಟ್ ರೀಮರ್ ಇರೋರು ಸಿಕ್ಕಿದ್ರು. ಹತ್ತು ನಿಮಿಷದ ಕೆಲಸ. ಈಗ ಪಿನ್ ಹೆಬ್ಬೆರಳಿಗೆ ಇಳಿಯುತ್ತೆ, ತುದೀಲಿ ಗಾಳಿ ಸಿಕ್ಕಿಕೊಂಡು ಪುಸ್ ಅನ್ನುತ್ತೆ.

ಇನ್ನೊಂದು ತಪ್ಪೂ ಸಿಕ್ತು, ಇದು ನನ್ನದೇ. ಶಿಮ್. ಸ್ಟಬ್ಬಿನ ಮೇಲಿನ ಕಿವಿಗೂ ಆಕ್ಸಲ್ ಕಣ್ಣಿಗೂ ಮಧ್ಯ ಬರೋ ಶಿಮ್ (ಸಂದು ತುಂಬೋ ತೆಳು ಬಿಲ್ಲೆ) ಅಳತೆ ಮಾಡೋವಾಗ ಸ್ಟಬ್ ಕೆಳಗೆ ನೇತಾಡ್ತಾ ಇತ್ತು. ಮೇಲೆ ಸಂದೇ ಕಾಣ್ಲಿಲ್ಲ. ಈ ಸಲ ಸ್ಟಬ್ ಕೆಳಗೆ ಸಣ್ಣ ಜಾಕಿ ಕೊಟ್ಟು ಮೇಲಕ್ಕೆ ಒತ್ತಿ, ತ್ರಸ್ಟ್ ಬೇರಿಂಗ್ ಗಟ್ಟಿ ಕೂರಿಸಿ, ಆಮೇಲೆ ಸಂದು ಅಳೆಯೋ ಫೀಲರ್ ಗೇಜ್ ತೂರಿಸಿದೆ. 4 ಥೌ (ಇಂಚಿನ ಸಾವಿರದಲ್ಲಿ 4 ಭಾಗ) ಸಂದು ಉಳೀತು.

ಈಗ ಎಡ 3 ಕೆ.ಜಿ., ಬಲ 3 ಕೆ.ಜಿ. ಚಿಲ್ಲರೆ. ಟೋ 3 ಮಿ.ಮೀ.ಗೆ ತಂದೆ. ಟೈರ್ ಎತ್ತಿ ತಿರುಗಿಸ್ತಾ ಸುಣ್ಣ ಹಚ್ಚಿ ಮೊಳೆಯಿಂದ ಗೆರೆ ಎಳೆದೆ, ಗಾಡಿ ಇಳಿಸಿ ಮುಂದಿನ ಅಳತೆ ತಗೊಂಡು, ಚಕ್ರ ಅರ್ಧ ಸುತ್ತು ಉರುಳಿಸಿ ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆದೆ. ಹಾಗಾಗಿ ರಿಮ್ ಸೊಟ್ಟ ಇದ್ರೂ ಲೆಕ್ಕ ತಪ್ಪಲ್ಲ.

ಓಡಿಸಿದೆ. ಜರ್ ಅನ್ನೋದು ಹೋಯ್ತು. ಆದ್ರೆ ಸ್ಟೇರಿಂಗ್ ಈಗ್ಲೂ ವಾಪಸ್ ಬರಲ್ಲ. ಹಾವಿನ ಆಟಾನೂ ಹಾಗೇ ಇದೆ. ಇನ್ನೂ ಹಗುರ ಆಗಿದೆ, ಒಂದು ಬೆರಳಲ್ಲಿ ತಿರುಗಿಸಬಹುದು. ತಲೆ ಕೆಟ್ಟಿದೆ.

ಟೋಲ್_ಗೇಟ್ · ಬುಧವಾರ, ರಾತ್ರಿ 10.52

ಒಂದು ಬೆರಳಲ್ಲಿ ತಿರುಗುತ್ತೆ ಅಂದ್ಮೇಲೆ ಪವರ್ ಸ್ಟೇರಿಂಗ್ ಬಂದಂಗೇ ಆಯ್ತಲ್ಲ. ಅದಿರ್ಲಿ, ಈ ಬಸ್ಸಿಗೆ ವಿಂಟೇಜ್ ನಂಬರ್ ಸಿಗುತ್ತಾ? 2021ರಲ್ಲಿ ಕೇಂದ್ರದವರು 50 ವರ್ಷ ದಾಟಿದ್ದಕ್ಕೆ ವಿಎ ಸೀರೀಸ್ ಅಂತ ತಂದ್ರಲ್ಲ. ಮೂಗಿನ ಮೇಲೆ ಬೆಂಜ್ ನಕ್ಷತ್ರ ಇದೆಯಾ, ಟಿ ಇದೆಯಾ?

ಫಿಯಟ್_ಹುಚ್ಚ · ಬುಧವಾರ, ರಾತ್ರಿ 11.15

ವಿಎ ನಂಬರ್ ಸ್ವಂತ ಬಳಕೆಯ ಬೈಕು ಕಾರಿಗಷ್ಟೇ, ಬಸ್ ಆ ವರ್ಗದಲ್ಲಿ ಬರಲ್ಲ. ನಕ್ಷತ್ರ ಇರಲೇಬೇಕು, ಗಾಡಿ 1967ರದ್ದಲ್ವಾ. ಟಾಟಾದವರ ಬೆಂಜ್ ಒಪ್ಪಂದ 1954ರಿಂದ ಹದಿನೈದು ವರ್ಷ, ಅದು ಮುಗಿದಿದ್ದು 1969ರಲ್ಲಿ. ಟಿ ಬಂದಿದ್ದು ಆಮೇಲೆ.

ಘಾಟಿ_ಗಾಡಿ · ಬುಧವಾರ, ರಾತ್ರಿ 11.20

ನಕ್ಷತ್ರ ಇದೆ, ಒಂದು ಕಾಲು ಮುರಿದಿದೆ. ನಂಬರ್ ವಿಷಯಕ್ಕೆ ಬೇರೆ ಥ್ರೆಡ್ ಹಾಕೋಣ, ಈಗ ಸ್ಟೇರಿಂಗ್ ನೋಡಿ ದಯವಿಟ್ಟು.

ಹಳೇ_ಮೇಸ್ತ್ರಿ · ಗುರುವಾರ, ಬೆಳಗ್ಗೆ 6.30

ರಾತ್ರಿ ಮಗಳು ಓದಿ ಹೇಳಿದ್ಳು. "ಹಗುರ" ಅಂತ ನೀವು ಶನಿವಾರವೇ ಬರೆದಿದ್ದೀರಿ. ನಾವು ಯಾರೂ ಅದನ್ನು ಹಿಡಿಯಲಿಲ್ಲ, ನಾನೂ ಸಹ.

ಕಿಂಗ್ ಪಿನ್ ಬಿಗಿ ಇದ್ದು ವಾಪಸ್ ಬರದಿದ್ರೆ ಸ್ಟೇರಿಂಗ್ ಭಾರ ಇರಬೇಕು. ಹಗುರ ಉಂಟು, ವಾಪಸ್ ಬರುವುದಿಲ್ಲ, ನೇರದಲ್ಲಿ ಅಲೆಯುತ್ತದೆ, ಮೂರೂ ಸೇರಿದ್ರೆ ಕ್ಯಾಸ್ಟರ್, ಅಂದ್ರೆ ಕಿಂಗ್ ಪಿನ್ ಹಿಂದಕ್ಕೆ ವಾಲುವ ಕೋನ, ಹೋಗಿದೆ ಅಂತ ಅರ್ಥ.

ಕೆಲಸ ಗೊತ್ತಿಲ್ಲದವರಿಗೆ ಹೇಳುವುದಾದ್ರೆ, ಸೈಕಲ್ ನೋಡಿ. ಮುಂದಿನ ಫೋರ್ಕ್ ನೆಟ್ಟಗೆ ನಿಂತಿಲ್ಲ, ಮೇಲಿನ ತುದಿ ಸವಾರನ ಕಡೆ ವಾಲಿಕೊಂಡಿದೆ. ಅದಕ್ಕೇ ಕೈ ಬಿಟ್ಟು ಹೊಡೆದ್ರೂ ನೇರ ಹೋಗುತ್ತದೆ. ಬಸ್ಸಿನ ಕಿಂಗ್ ಪಿನ್ನೂ ಹಾಗೇ, ಮೇಲಿನ ತುದಿ ಎರಡು ಮೂರು ಡಿಗ್ರಿ ಹಿಂದಕ್ಕೆ ವಾಲಬೇಕು. ಅದು ನೆಟ್ಟಗಾದ್ರೆ ಅಥವಾ ಮುಂದಕ್ಕೆ ವಾಲಿದ್ರೆ ನಿಮ್ಮ ಬಸ್ಸಿಗೆ ಈಗ ಆಗಿರುವುದೇ ಆಗುವುದು.

ಪ್ಲೇಟ್ ಸೆಟ್ಟಿಗೂ ಆಕ್ಸಲ್ಲಿಗೂ ನಡುವೆ ಒಂದು ಬೆಣೆ ಉಂಟಾ? ಒಂದು ತುದಿ ದಪ್ಪ, ಒಂದು ತುದಿ ತೆಳು, ನಡುವೆ ಸೆಂಟರ್ ಬೋಲ್ಟಿನ ತೂತು? ಇದ್ರೆ ದಪ್ಪ ತುದಿ ಯಾವ ಕಡೆ? ಪಕ್ಕದಿಂದ ಫೋಟೋ ತೆಗೆದು ಹಾಕಿ.

ಘಾಟಿ_ಗಾಡಿ · ಗುರುವಾರ, ಬೆಳಗ್ಗೆ 7.05

ಬೆಣೆ ಇದೆ ಸಾರ್. ಬಿಚ್ಚೋವಾಗ ಪುಸ್ತಕದಲ್ಲಿ ಬರೆದಿಟ್ಟಿದ್ದೆ: "ಬೆಣೆ – ದಪ್ಪ ತುದಿ ಬಲಕ್ಕೆ." ಅದರಂತೇ ಹಾಕಿದೀನಿ. ಫೋಟೋ ಹಾಕ್ತೀನಿ.

ಹಳೇ_ಮೇಸ್ತ್ರಿ · ಗುರುವಾರ, ಬೆಳಗ್ಗೆ 7.12

ಯಾರ ಬಲ ಮಾರಾಯ?

ಘಾಟಿ_ಗಾಡಿ · ಗುರುವಾರ, ಬೆಳಗ್ಗೆ 7.50

ಅಯ್ಯೋ.

ಈಗ ಹೋಗಿ ನೋಡಿ ಬಂದೆ. ಆಗಿದ್ದು ಹೀಗೆ. ಬಿಚ್ಚೋವಾಗ ಮೊದಲು ಎಡಗಡೆ ಚಕ್ರದ ಹತ್ರ, ಗಾಡಿಗೆ ಮುಖ ಮಾಡಿ ಕೂತಿದ್ದೆ. ಆ ಕಡೆಯಿಂದ ನೋಡಿದ್ರೆ ನನ್ನ ಬಲ ಅಂದ್ರೆ ಗಾಡಿಯ ಹಿಂಭಾಗ. ಹಾಗೆ ಬರ್ಕೊಂಡೆ. ಕಟ್ಟೋವಾಗ ಶುರು ಮಾಡಿದ್ದು ಡ್ರೈವರ್ ಕಡೆಯಿಂದ. ಆ ಕಡೆ ಗಾಡಿಗೆ ಮುಖ ಮಾಡಿ ಕೂತ್ರೆ ನನ್ನ ಬಲ ಅಂದ್ರೆ ಗಾಡಿಯ ಮೂತಿ. ಪುಸ್ತಕ ನೋಡಿ "ಬಲಕ್ಕೆ" ಅಂತ ಹಾಕಿದೆ. ಎಡಗಡೆ ಹಾಕೋವಾಗ ಪುಸ್ತಕ ನೋಡೋ ಬದಲು ಆಗಲೇ ಹಾಕಿದ್ದ ಬಲಗಡೆ ನೋಡಿ, "ಎರಡೂ ಒಂದೇ ಥರ ಇರ್ಲಿ" ಅಂತ ಅದಕ್ಕೆ ಹೊಂದಿಸಿದೆ.

ಎರಡೂ ದಪ್ಪ ತುದಿ ಮುಂದಕ್ಕಿದೆ. ಅದರ ಮೇಲೆ ಕಪ್ಪು ಪೇಂಟ್ ಬೇರೆ ನೀಟಾಗಿ ಹೊಡೆದಿದೀನಿ, ಹಳೇ ಸವೆತದ ಗುರುತೆಲ್ಲಾ ಮುಚ್ಚಿ ಹೋಗಿದೆ.

ಪಾನಾ_ಪಕ್ಕಡ್ · ಗುರುವಾರ, ಬೆಳಗ್ಗೆ 8.20

ಹಹ್ಹಾ, ಬಿಡ್ರಿ, ಇಂಥಾದ್ದು ಮಾಡದಂವ ಮೆಕ್ಯಾನಿಕ್ಕ ಅಲ್ಲ. ನಮ್ಮ ಕಡೆ ಅದಕ್ಕ "ಎಡಾ ಬಲಾ" ಅನ್ನೂದ ಇಲ್ರಿ, "ಡ್ರೈವರ್ ಬಾಜೂ, ಕ್ಲೀನರ್ ಬಾಜೂ, ಇಂಜಿನ್ ಕಡೆ, ಡಿಫ್ರೆನ್ಸಲ್ ಕಡೆ" ಅಂತೀವಿ. ಗಾಡಿ ಬುಡಕ ಉಲ್ಟಾ ಮಲಗಿದ್ರೂ ತಪ್ಪೂದಿಲ್ಲ.

ಫಿಯಟ್_ಹುಚ್ಚ · ಗುರುವಾರ, ಬೆಳಗ್ಗೆ 9.00

ಬೆಣೆ ಅಳತೆ ಎಷ್ಟು? ಸಣ್ಣ ಬೆಣೆಗೆ ಇಷ್ಟು ವ್ಯತ್ಯಾಸ ಆಗುತ್ತಾ? ನನಗೆ ಇನ್ನೂ ಅನುಮಾನ ಪ್ಲೇಟ್ ಬೆಂಡ್ ಮೇಲೆ. ಬಡಿಸಿದ ಮೇಲೆ ಮೂತಿ ಎಷ್ಟು ಎತ್ತರ ಆಗಿದೆ?

ಘಾಟಿ_ಗಾಡಿ · ಗುರುವಾರ, ಮಧ್ಯಾಹ್ನ 12.40

ಬೆಣೆ ಉದ್ದ 110 ಮಿ.ಮೀ., ತೆಳು ತುದಿ 4, ದಪ್ಪ ತುದಿ 8. ಮೂತಿ 35 ಮಿ.ಮೀ. ಏರಿದೆ, ಒಳಗೆ ಸೀಟ್ ಇನ್ನೂ ಹಾಕಿಲ್ಲ.

ಡಬ್ಬಿ_ಬಸ್ · ಗುರುವಾರ, ಮಧ್ಯಾಹ್ನ 2.15

ಲೆಕ್ಕ ಹಾಕಿದೆ. 110ಕ್ಕೆ 4 ಮಿ.ಮೀ. ಇಳಿಜಾರು ಅಂದರೆ ಎರಡು ಡಿಗ್ರಿ. ಆದರೆ ಉಲ್ಟಾ ಹಾಕಿದಾಗ ಹೋಗುವುದು ಎರಡಲ್ಲ, ನಾಲ್ಕು. ಬೆಣೆ ಕೊಡುತ್ತಿದ್ದ ಎರಡು ಹೋಯಿತು, ಅದರ ಮೇಲೆ ವಿರುದ್ಧ ದಿಕ್ಕಿಗೆ ಇನ್ನೆರಡು. ಪಿನ್ ಹಿಂದಕ್ಕೆ ವಾಲುವ ಬದಲು ಮುಂದಕ್ಕೆ ವಾಲಿದೆ.

ಮೂತಿ ಏರಿದ್ದರಿಂದ ತೊಂದರೆ ಇಲ್ಲ. ವೀಲ್‌ಬೇಸ್ ನಾಲ್ಕು ಮುಕ್ಕಾಲು ಮೀಟರ್ ಅಂದುಕೊಂಡರೂ 35 ಮಿ.ಮೀ.ಗೆ ಅರ್ಧ ಡಿಗ್ರಿಯೂ ಆಗುವುದಿಲ್ಲ. ಅದೂ ಪಿನ್ನನ್ನು ಹಿಂದಕ್ಕೇ ವಾಲಿಸುತ್ತದೆ, ಅಂದರೆ ನಿಮಗೆ ಅನುಕೂಲದ ಕಡೆಗೇ.

ಹಳೇ_ಮೇಸ್ತ್ರಿ · ಗುರುವಾರ, ಸಂಜೆ 6.00

ಬೆಣೆ ತಿರುಗಿಸಲು ಪೂರ್ತಿ ಬಿಚ್ಚಬೇಕಾಗಿಲ್ಲ. ಹೀಗೆ ಮಾಡಿ. ಚಾಸಿಯನ್ನು ಮುಂದಿನ ಆಕ್ಸಲ್ಲಿನ ಹಿಂದೆ ದಿಮ್ಮಿ ಕೊಟ್ಟು ಎತ್ತಿ, ಆಕ್ಸಲ್ ಕೆಳಗೆ ಬೇರೆ ಜಾಕಿ. ಒಂದು ಕಡೆ ಮಾತ್ರ ಯು ಬೋಲ್ಟ್ ಸಡಿಲಿಸಿ, ಇನ್ನೊಂದು ಕಡೆ ಕಟ್ಟಿಯೇ ಇರಲಿ. ಇಲ್ಲದಿದ್ರೆ ಆಕ್ಸಲ್ ಉರುಳುತ್ತದೆ. ಆಕ್ಸಲ್ ಜಾಕಿ ನಿಧಾನ ಇಳಿಸಿ ಬೆಣೆಗೆ ಬೇಕಾದಷ್ಟೇ ಸಂದು ಮಾಡಿ. ಬೆಣೆ ತಿರುಗಿಸಿ, ದಪ್ಪ ಹಿಂದಕ್ಕೆ. ಮೇಲೆ ಎತ್ತುವಾಗ ಸೆಂಟರ್ ಬೋಲ್ಟಿನ ತಲೆ ಬೆಣೆ ದಾಟಿ ಆಕ್ಸಲ್ ತೂತಿಗೆ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಹುಬ್ಬಳ್ಳಿಯವರ ಹಾಗೆ ಬೆರಳು ಬೇಡ. ಅದು ಅಂಚಿನ ಮೇಲೆ ಕೂತ್ರೆ ಯು ಬೋಲ್ಟ್ ಎಷ್ಟು ಬಿಗಿದ್ರೂ ಸುಳ್ಳು ಬಿಗಿ.

ಮೊದಲ ಕಡೆ ಮುಗಿದಾಗ ಎರಡು ಬೆಣೆ ಎರಡು ದಿಕ್ಕು ಇರುತ್ತದೆ, ಆಕ್ಸಲ್ ಸ್ವಲ್ಪ ಹಿಡಿದ ಹಾಗೆ ಕಾಣಬಹುದು. ಅದಕ್ಕೇ ಆ ಕಡೆ ನಟ್ ಕೈಬಿಗಿ ಅಷ್ಟೇ ಇಟ್ಟು ಇನ್ನೊಂದು ಕಡೆಗೆ ಹೋಗಿ. ಎರಡೂ ಆದ ಮೇಲೆ ಗಾಡಿ ನೆಲಕ್ಕೆ ಇಳಿಸಿ, ಭಾರ ಕೂತ ಮೇಲೆ ಯು ಬೋಲ್ಟ್ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಎಳೆಯಬೇಡಿ. ಬೋಲ್ಟಿನ ಎರಡು ಕಾಲೂ ಪ್ಲೇಟಿನಿಂದ ಸಮ ಹೊರಗೆ ಬಂದಿರಬೇಕು.

ಆಮೇಲೆ ಡ್ರ್ಯಾಗ್ ಲಿಂಕ್. ಕ್ಯಾಸ್ಟರ್ ಬದಲಾದಾಗ ಸ್ಟೇರಿಂಗ್ ತೋಳು ಜರುಗುತ್ತದೆ, ಸ್ಟೇರಿಂಗ್ ಚಕ್ರದ ಕಡ್ಡಿ ಸೊಟ್ಟ ನಿಲ್ಲಬಹುದು. ಅದನ್ನು ಸರಿ ಮಾಡುವುದು ಡ್ರ್ಯಾಗ್ ಲಿಂಕಿನಲ್ಲಿ. ಟೈ ರಾಡ್ ಮುಟ್ಟಿದ್ರೆ ನಿಮ್ಮ 3 ಮಿ.ಮೀ. ಹೋಯ್ತು.

ಘಾಟಿ_ಗಾಡಿ · ಭಾನುವಾರ, ಸಂಜೆ 7.30

ಆಯ್ತು!

ಶನಿವಾರ ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಐದಕ್ಕೆ ಮುಗಿಸಿದ್ವಿ. ಬೆಣೆ ತಿರುಗಿಸೋಕೆ ಮುಂಚೆ ಕಿಂಗ್ ಪಿನ್ ಮೇಲಿನ ಮುಚ್ಚಳ ತೆಗೆದು, ಪಿನ್ನಿನ ಸಮತಟ್ಟು ತಲೆ ಮೇಲೆ ಮೊಬೈಲ್ ಇಟ್ಟು ಮಟ್ಟ ನೋಡೋ ಆ್ಯಪಲ್ಲಿ ಅಳೆದಿದ್ದೆ: ಮುಂದಕ್ಕೆ 1.4 ಡಿಗ್ರಿ. ತಿರುಗಿಸಿದ ಮೇಲೆ ಹಿಂದಕ್ಕೆ 2.6. ಜರ್ಮನಿ ಅಣ್ಣನ ನಾಲ್ಕು ಡಿಗ್ರಿ ಲೆಕ್ಕ ಕರೆಕ್ಟ್. ಮೊಬೈಲ್ ಗ್ರೀಸ್ ಆಗಿದೆ, ಅದು ಬೇರೆ ವಿಷಯ.

ಒಂದು ಕಡೆ ಸೆಂಟರ್ ಬೋಲ್ಟ್ ತಲೆ ನಿಜಕ್ಕೂ ಅಂಚಿನ ಮೇಲೇ ಕೂತಿತ್ತು. ಟಾರ್ಚ್ ಹಾಕಿ ನೋಡಿದ್ದಕ್ಕೆ ಗೊತ್ತಾಯ್ತು, ಇಲ್ಲಾಂದ್ರೆ ಹಾಗೇ ಬಿಗಿತಿದ್ದೆ. ರಾಡ್ ಕೊಟ್ಟು ಆಕ್ಸಲ್ ಸ್ವಲ್ಪ ಮೀಟಿದಾಗ ಟಕ್ ಅಂತ ಬಿತ್ತು.

ಇವತ್ತು ಬೆಳಗ್ಗೆ ಓಡಿಸಿದೆ. ಮೊದಲ ತಿರುವಲ್ಲೇ ಗೊತ್ತಾಯ್ತು, ಸ್ಟೇರಿಂಗಿಗೆ ಒಂದು ತೂಕ ಬಂದಿದೆ. ತಿರುಗಿಸಿ ಹಿಡಿತ ಸಡಿಲ ಮಾಡಿದ್ರೆ ಅಂಗೈ ಒಳಗೆ ಜಾರಿಕೊಂಡು ವಾಪಸ್ ಬರುತ್ತೆ. ಕಡ್ಡಿ ಸ್ವಲ್ಪ ಎಡಕ್ಕೆ ನಿಂತಿತ್ತು, ಡ್ರ್ಯಾಗ್ ಲಿಂಕಲ್ಲಿ ಒಂದೂವರೆ ಸುತ್ತು ಕೊಟ್ಟೆ. ಮಧ್ಯಾಹ್ನ ಅಪ್ಪ "ಇಳಿ" ಅಂದ್ರು. ಹನ್ನೆರಡು ವರ್ಷ ಆದ್ಮೇಲೆ ಡ್ರೈವರ್ ಸೀಟಲ್ಲಿ ಕೂತಿದ್ದು. ಮೈದಾನ ದಾಟಿ ಮೇನ್ ರೋಡಿಗೇ ಹೋದ್ರು, ನಾನು ಬಾಗಿಲಲ್ಲಿ ನೇತಾಡ್ತಾ "ಅಪ್ಪಾ ಇನ್ಶೂರೆನ್ಸ್ ಇಲ್ಲ" ಅಂತ ಕೂಗ್ತಾ ಇದ್ದೆ. ವಾಪಸ್ ಬಂದು ಇಳಿದು, ಟೈರಿಗೆ ಒಂದು ಒದ್ದು, ಹಾರ್ನ್ ಕೆಲಸ ಮಾಡಲ್ಲ ಅಂದ್ರು.

ಅರಸೀಕೆರೆ_ಲೇತ್ · ಭಾನುವಾರ, ರಾತ್ರಿ 8.10

ಅದು ಸರ್ಟಿಫಿಕೇಟು. ಭದ್ರಾವತಿಯವರು ರೀಮರಿಗೆ ಎಷ್ಟು ತಗೊಂಡ್ರು?

ಘಾಟಿ_ಗಾಡಿ · ಭಾನುವಾರ, ರಾತ್ರಿ 8.25

ದುಡ್ಡು ಬೇಡ ಅಂದ್ರು. ಬಸ್ಸಿನ ಫೋಟೋ ನೋಡಿ "ಇದರಲ್ಲಿ ನಾನು ಸ್ಕೂಲಿಗೆ ಹೋಗಿದೀನಿ" ಅಂದ್ರು. ನಿಜಾನೋ ಗೊತ್ತಿಲ್ಲ, ಎರಡು ಕೆ.ಜಿ. ಕಾಳುಮೆಣಸು ಕೊಟ್ಟು ಬಂದೆ.

ಹಳೇ_ಮೇಸ್ತ್ರಿ · ಸೋಮವಾರ, ಬೆಳಗ್ಗೆ 6.40

ಸಂತೋಷ. ಯು ಬೋಲ್ಟ್ ನೂರು ಕಿ.ಮೀ. ಒಳಗೆ ಮತ್ತೊಮ್ಮೆ ಬಿಗಿಯಿರಿ, ಸೀಟ್ ಹಾಕಿದ ಮೇಲೆ ಇನ್ನೊಮ್ಮೆ. ಹೊಸ ಪ್ಲೇಟು, ಪೇಂಟ್ ಹೊಡೆದ ಬೆಣೆ, ಎಲ್ಲಾ ಅಡಕವಾಗುತ್ತದೆ. ಯು ಬೋಲ್ಟ್ ಸಡಿಲ ಬಿಟ್ರೆ ಪ್ಲೇಟ್ ಕಟ್ಟಾಗುವುದು ಯಾವಾಗಲೂ ಸೆಂಟರ್ ಬೋಲ್ಟಿನ ತೂತಿನಲ್ಲೇ.

ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಚಕ್ರ ನೆಲದಿಂದ ಎತ್ತಿರಬೇಕು. ನೆಲದ ಮೇಲೆ ಇದ್ದಾಗ ಭಾರವೆಲ್ಲಾ ತ್ರಸ್ಟ್ ಬೇರಿಂಗಿನ ಮೇಲೆ, ಗ್ರೀಸ್ ಅದರ ಒಳಗೆ ಹೋಗುವುದೇ ಇಲ್ಲ. ಹಳೇ ಗ್ರೀಸ್ ಹೊರಗೆ ಬಂದು ಹೊಸ ಬಣ್ಣ ಕಾಣುವವರೆಗೆ ಒತ್ತಿ. ಮತ್ತೆ ಆ ತ್ರಸ್ಟ್ ಬೇರಿಂಗಿನ ಮುಚ್ಚಳ ಮೇಲೆ ಬರುವ ಹಾಗೆ ಹಾಕಿದ್ದೀರಾ? ಬಾಯಿ ಮೇಲೆ ಇದ್ರೆ ಮೊದಲ ಮಳೆಗೇ ನೀರು ತುಂಬುತ್ತದೆ.

ಘಾಟಿ_ಗಾಡಿ · ಸೋಮವಾರ, ಬೆಳಗ್ಗೆ 7.15

ಬಲಗಡೆ ಸರಿಯಾಗಿದೆ ಸಾರ್, ಮೊನ್ನೆ ಬಿಚ್ಚಿದಾಗ ನೋಡಿದೀನಿ. ಎಡಗಡೆ... ಟಾರ್ಚ್ ತಗೊಂಡು ಹೋಗ್ತಾ ಇದೀನಿ.